ಬಾಲ್ಕನಿಯ ಆಂಟೆನಾ

ಚಂಡಮಾರುತ ಬಂದು ಎರಡು ದಿನವಾಗಿತ್ತು. ಕೇಬಲ್ ಕಡಿದುಹೋಗಿತ್ತು, ಫೋನುಗಳೂ ಸತ್ತಿದ್ದವು. ಗುಲಾಬಿಯ ಗಂಡ ಒಂದು ಬೋಟಿನಲ್ಲಿ, ಪಕ್ಕದ ಫ್ಲ್ಯಾಟಿನ ಲೀಲಕ್ಕನ ಗಂಡ ಇನ್ನೊಂದು ಬೋಟಿನಲ್ಲಿ ಮೀನಿಗೆ ಹೋದವರು ಮರಳಿರಲಿಲ್ಲ. ವಾರ್ತೆಯಾದರೂ ಸಿಕ್ಕೀತೆಂದು ಇಬ್ಬರೂ ಆಂಟೆನಾ ಕೊಳ್ಳಲು ಓಡಿದರು.

"ನಿಮ್ಮ ಎದುರು ಹತ್ತು ಮಾಳಿಗೆಯ ಕಟ್ಟಡ ಉಂಟಲ್ಲ, ಟೀವಿ ಪಕ್ಕ ಇಡುವ ಈ ಸಣ್ಣದರಲ್ಲಿ ಎಂತದೂ ಬರುವುದಿಲ್ಲ," ಎಂದ ಅಂಗಡಿಯವನು. "ಈ ಉದ್ದದ್ದು ತಗೊಳ್ಳಿ. ಬಾಲ್ಕನಿಯಿಂದ ಹೊರಗೆ ಚಾಚಿದರೆ ಮಾತ್ರ ಸಿಗ್ನಲ್ ಸಿಗ್ತದೆ."

ಗೋಡೆಗೆ ಮೊಳೆ ಹೊಡೆಯುವಷ್ಟು ತಾಳ್ಮೆ ಇಬ್ಬರಲ್ಲೂ ಇರಲಿಲ್ಲ. ಲೀಲಕ್ಕ ಗುಲಾಬಿಯ ಬಾಲ್ಕನಿಯಲ್ಲಿ ನಿಂತು ಆಂಟೆನಾವನ್ನು ಕೈಯಲ್ಲೇ ಗಾಳಿಗೆ ಚಾಚಿ ಹಿಡಿದಳು. ಅಲ್ಲಿಂದ ಟೀವಿ ಕಾಣುತ್ತಿರಲಿಲ್ಲ.

"ಬಂತಾ?"

"ಇಲ್ಲ. ಸ್ವಲ್ಪ ಎಡಕ್ಕೆ... ಬಂತು, ಬಂತು! ಅಲುಗಾಡಬೇಡಿ ಲೀಲಕ್ಕ!"

ಗುಲಾಬಿ ಟೀವಿಯ ಹತ್ತಿರಕ್ಕೆ ಸರಿದು ಕಿವಿಗೊಟ್ಟಳು. ಕಾಣೆಯಾದ ಐದು ಬೋಟುಗಳಲ್ಲಿ ಎರಡು ಮಾತ್ರ ದಡ ಸೇರಿವೆ, ಅವುಗಳಲ್ಲಿದ್ದವರೆಲ್ಲ ಕ್ಷೇಮ ಎಂದು ವಾರ್ತೆ ಓದುವವಳು ಹೇಳುತ್ತಿದ್ದಳು.

"ಮೊದಲನೆಯದು, ಜಲಕನ್ಯೆ."

"ಲೀಲಕ್ಕ, ನಿಮ್ಮವರ ಬೋಟು! ಎಲ್ಲರೂ ಬದುಕಿದ್ದಾರಂತೆ!" ಗುಲಾಬಿ ಕೂಗಿದಳು. ಕೂಗಿ ಮತ್ತೆ ಟೀವಿಯ ಕಡೆ ತಿರುಗಿ, ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಎರಡನೆಯ ಬೋಟಿನ ಹೆಸರು..."

ಲೀಲಕ್ಕ ಅಳುತ್ತ ನಗುತ್ತ, ಆಂಟೆನಾ ಹಿಡಿದುಕೊಂಡೇ ಒಳಗೆ ಓಡಿ ಬಂದು ಗುಲಾಬಿಯನ್ನು ತಬ್ಬಿಕೊಂಡಳು. ಪರದೆ ಕಪ್ಪಾಯಿತು.