ಕೆರೆ ಪಕ್ಕದ ಬಡಾವಣೆ

ಆ ಒಂದು ಬಡಾವಣೆಯ ಹೆಸರು ಬಾರದಿದ್ದರೆ ಸಾಕು ಎಂದು ಇವಳು ಒಳಗೊಳಗೇ ಬೇಡಿಕೊಂಡಳು. ಕಿರಿಯಳಾದರೂ ಮೊದಲು ಮದುವೆಯಾದ ಚಿಕ್ಕಮ್ಮನ ಮಗಳು, ಇವಳು ಎಂ.ಎ. ಓದಿದ ಊರಿಗೇ ಗಂಡನ ಜೊತೆ ಎರಡು ದಿನದ ಸುತ್ತಾಟಕ್ಕೆ ಹೊರಟಿದ್ದಳು.

"ಎಲ್ಲಿ ಉಳ್ಕೊಂಡ್ರೆ ಚೆನ್ನ, ಅಕ್ಕ?"

"ಅರಮನೆ ಹತ್ರ. ಎಲ್ಲಾ ನಡ್ಕೊಂಡೇ ನೋಡ್ಬಹುದು."

"ಇವ್ರಿಗೆ ಕೆರೆ ಪಕ್ಕದ ಬಡಾವಣೆನೇ ಆಗ್ಬೇಕಂತೆ."

"ಅಲ್ಲಿ ಬರೀ ಸೊಳ್ಳೆ."

"ಎರಡು ವರ್ಷ ನೀನು ಅಲ್ಲೇ ಇದ್ಯಲ್ಲ? ನಾನು ಹೋಗ್ತೀನಿ ಅಂದ್ರೆ ಮಾತ್ರ ಸೊಳ್ಳೆ. ಹೊಟ್ಟೆಕಿಚ್ಚು ನಿನಗೆ."

ಇವಳು ಸೆರಗಿನ ಅಂಚು ಸುರುಳಿ ಸುತ್ತಿದಳು.

"ಹೌದು ಕಣೇ, ಹೊಟ್ಟೆಕಿಚ್ಚೇ. ಅಲ್ಲಿ ನಿನ್ನ ಗಂಡನ ಜೊತೆ ನಿನ್ನ ಕಂಡ್ರೆ, ಮೂಲೆಯ ಹೂವಿನಜ್ಜಿ 'ಆಗ ನಿನ್ನ ಜೊತೆ ಬರ್ತಿದ್ದ ಅವಳೆಲ್ಲಿ' ಅಂತ ಅವನನ್ನೇ ಕೇಳ್ತಾಳೆ."