ಮರೆಯುವ ಮೊದಲು

"ಇವತ್ತು ಯಾವ ವಾರ, ಅಂಕಲ್?"

ವಾಸುದೇವರಾಯರು ಕಿಟಕಿಯತ್ತ ನೋಡಿ ಯೋಚಿಸಿದರು. "ಸೋಮವಾರ... ಅಲ್ವಾ?"

ಅಂದು ಗುರುವಾರ. ಡಾಕ್ಟರ್ ಶ್ರೀಲಕ್ಷ್ಮಿಗೆ ಸಂಕಟವಾಯಿತು. ನಗರದಂಚಿನ ಆಲ್ಬನಿಯಾಚೆ ರಾಯರಿಗೆ ಹತ್ತೆಕರೆ ಕಾಡಿತ್ತು. ಅಲ್ಲಿ ಎಂದೆಂದಿಗೂ ಯಾರೂ ಮರ ಕಡಿಯಬಾರದು, ಮನೆ ಕಟ್ಟಬಾರದು ಎಂಬ ಕಾನೂನು ಪತ್ರಕ್ಕೆ ಅವರು ಸಹಿ ಹಾಕುವವರಿದ್ದರು. ಮರೆವಿನ ಕಾಯಿಲೆ ಶುರುವಾಗಿದೆಯಲ್ಲ, ತಿಳಿದೇ ಸಹಿ ಹಾಕುತ್ತಿದ್ದಾರೆಂದು ಡಾಕ್ಟರು ಬರೆದುಕೊಡಲಿ ಎಂದಿದ್ದರು ವಕೀಲರು.

"ನೋಡಿ ಡಾಕ್ಟರ್, ವಾರಾನೇ ಗೊತ್ತಾಗ್ತಿಲ್ಲ," ಎಂದಳು ಮಗಳು ಅಪೂರ್ವ. "ಬಿಲ್ಡರ್ ಕೇಳ್ತಾನೇ ಇದಾರೆ. ಮಾರಿದ್ರೆ ಮೌಂಟ್ ರಾಸ್ಕಿಲ್‌ನಲ್ಲಿ ನಮ್ಮನೆ ಪಕ್ಕಾನೇ ಒಂದು ಯೂನಿಟ್, ಪುಟ್ಟ ಮನೆ, ತಗೋಬಹುದು. ಆ ಕಾಡಿನ ಹತ್ರ ಒಬ್ರೇ ಇದ್ದು ಬಿದ್ರೆ ಯಾರು ನೋಡ್ತಾರೆ?" ಅವಳ ದನಿಯಲ್ಲಿದ್ದದ್ದು ಆಸೆಯಲ್ಲ, ಭಯ.

ಶ್ರೀಲಕ್ಷ್ಮಿ ಪ್ರಶ್ನೆಗಳ ಹಾಳೆಯನ್ನು ಪಕ್ಕಕ್ಕಿಟ್ಟಳು. "ಅಂಕಲ್, ಸಹಿ ಹಾಕಿದ್ರೆ ಏನಾಗತ್ತೆ?"

"ನಾನು ಸತ್ರೂ ಕಾಡಿರತ್ತೆ. ಬಿಲ್ಡರ್ ತಿರುಗಿ ನೋಡಲ್ಲ. ಇವಳ ಪಾಲಿಗೆ ಬರೋದು ಕಮ್ಮಿಯಾಗತ್ತೆ." ಮಗಳ ಕಡೆ ತಿರುಗಿದರು. "ಬೈಕೋಬೇಡ ಪುಟ್ಟಿ."

"ಗೊತ್ತಿದ್ದೂ ಯಾಕೆ ಹಾಕ್ತೀರಿ?" ಎಂದಳು ಶ್ರೀಲಕ್ಷ್ಮಿ.

"ಮೂವತ್ತು ವರ್ಷ ಲೇಔಟ್ ಮಾಡಿದ ಇಂಜಿನಿಯರ್ ನಾನಮ್ಮಾ. ಕಾಡು ಬೋಳಿಸೋದು, ಆಮೇಲೆ ರಸ್ತೆಗೆ ಮರದ ಹೆಸರಿಡೋದು. ಕೌರಿ ರೋಡು, ರಿಮು ಲೇನು. ಹುಡುಕಿದ್ರೂ ಒಂದು ಮರ ಇಲ್ಲ."

"ಆದ್ರೆ ಈಗಲೇ ಯಾಕಪ್ಪಾ, ಇಷ್ಟು ಅವಸರ?" ಅಪೂರ್ವ ಕುರ್ಚಿಯನ್ನು ಅಪ್ಪನ ಹತ್ತಿರಕ್ಕೆ ಎಳೆದುಕೊಂಡಳು.

ರಾಯರು ಅವಳ ಕೈ ಹಿಡಿದುಕೊಂಡರು. "ಇನ್ನೊಂದು ವರ್ಷಕ್ಕೆ ಇದ್ಯಾವುದೂ ನೆನಪಿರಲ್ಲ ಮಗಳೇ. ಆಗ ಯಾರಾದ್ರೂ ಬಂದು ಕೇಳಿದ್ರೆ, ಮಾರ್ಕೊಳ್ಳಿ ಅಂತ ನಾನೇ ಅಂದುಬಿಡ್ತೀನಿ. ಆ ಮರೆತ ನನ್ನ ಕೈಯಿಂದಾನೇ ಈಗ ಕಾಡನ್ನ ಕಾಪಾಡ್ಬೇಕು."

ತಾವು ಮಾಡುತ್ತಿರುವುದು ಏನೆಂದು ಇವರಿಗೆ ಚೆನ್ನಾಗಿ ತಿಳಿದಿದೆ ಎಂದು ಬರೆದು, ಶ್ರೀಲಕ್ಷ್ಮಿ ಆ ಕಾಗದವನ್ನು ಅಪೂರ್ವಳ ಕೈಗೇ ಕೊಟ್ಟಳು. ಅಪೂರ್ವ ಎರಡು ಸಲ ಓದಿದಳು. ಕಣ್ಣೊರೆಸಿಕೊಂಡು ಅಪ್ಪನ ಕೋಟಿನ ಗುಂಡಿ ಹಾಕಿದಳು. "ಏಳಿ ಅಪ್ಪ. ವಕೀಲರ ಆಫೀಸು ಐದಕ್ಕೆ ಮುಚ್ಚತ್ತೆ."

ಸ್ವಲ್ಪ ಹೊತ್ತಿಗೆ ಶ್ರೀಲಕ್ಷ್ಮಿ ಕಿಟಕಿಯಿಂದ ನೋಡಿದಾಗ ಅವರ ಕಾರು ಇನ್ನೂ ಹೊರಟಿರಲಿಲ್ಲ; ಗಾಜು ಇಳಿಸಿತ್ತು, ಮಾತು ಕೇಳಿಸುತ್ತಿತ್ತು. ಅಪೂರ್ವ ಫೋನನ್ನು ಅಪ್ಪನ ಬಾಯಿಯ ಹತ್ತಿರ ಹಿಡಿದು ರೆಕಾರ್ಡ್ ಮಾಡುತ್ತಿದ್ದಳು. ಕಾಡಿನೊಳಗೆ ಎಲ್ಲಿ ಹಳ್ಳ ದಾಟಬೇಕು, ಎಲ್ಲಿ ಎಡಕ್ಕೆ ತಿರುಗಬೇಕು ಎಂದು ರಾಯರು ಗಾಳಿಯಲ್ಲಿ ಬೆರಳಾಡಿಸುತ್ತಾ ಹೇಳುತ್ತಿದ್ದರು. ನಡುವೆ ಎಲ್ಲೋ ಬೆರಳು ನಿಂತುಬಿಟ್ಟಿತು. ಅಪೂರ್ವ ಅವಸರಪಡಿಸಲಿಲ್ಲ, ಫೋನು ಹಿಡಿದೇ ಕಾದಳು.