ಎರಡು ಕಪ್ಪು ಕಿಟಕಿ

"ಬಂದ್ ಮಾಡ್ರಿ ಅದನ್ನ! ಹ್ವಾದ ವರ್ಷ ಸಿಡ್ಲು ಬಡದು ಟೀವಿ ಸುಟ್ಟಿದ್ದು ಮರತ್ರೇನು?" ಅಡುಗೆಮನೆಯಿಂದ ನಾಗವೇಣಿ ಕೂಗಿದಳು.

"ತಡಿಯ, ಅಕ್ಕನ ತತ್ತಿ ನೋಡ್ಕೊಳ್ಳಾಕತ್ತೀನಿ."

"ಭಾಳ ಚಲೋ ಆತು. ತತ್ತಿ ಇಟ್ಟಿದ್ದು ಅಲ್ಲಿ ಕೋಳಿ, ಕಾವಿಗೆ ಕುಂತಿದ್ದು ಇಲ್ಲಿ ನೀವು!"

ಸದಾನಂದ ನಗಲಿಲ್ಲ. ಪರದೆಯ ಮೇಲೆ ಎರಡು ಕಪ್ಪು ಕಿಟಕಿಗಳು ತೆರೆದಿದ್ದವು. ಒಂದು ಈ ಮನೆಯ ಕಂಪ್ಯೂಟರಿನದು. ಇನ್ನೊಂದು, ದೂರದ ಊರಿನ ಅಕ್ಕನ ಶೆಡ್ಡಿನಲ್ಲಿ ಮೊಟ್ಟೆಗಳ ಕಾವು ಕಾಯುವ ಕಂಪ್ಯೂಟರಿನದು. ಯಾವ ಕಿಟಕಿಯಲ್ಲಿ ಆಜ್ಞೆ ಟೈಪು ಮಾಡಿದರೆ ಆ ಕಿಟಕಿಯ ಕಂಪ್ಯೂಟರು ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿತ್ತು. ಶೆಡ್ಡಿನದನ್ನು ಇಲ್ಲಿಂದಲೇ ಬಂದ್ ಮಾಡಬಹುದು. ಮತ್ತೆ ಚಾಲು ಮಾಡಬೇಕಾದರೆ ಮಾತ್ರ ಅಲ್ಲೇ ನಿಂತು ಗುಂಡಿ ಒತ್ತಬೇಕು. ಅಕ್ಕನ ಮನೆಯವರೆಲ್ಲ ಶೆಡ್ಡಿಗೆ ಬೀಗ ಹಾಕಿ, ಮದುವೆಗೆಂದು ಪುಣೆಯ ರೈಲು ಹತ್ತಿದ್ದರು. ಹೋದ ಸಲ ಕಾವು ತಪ್ಪಿ ಒಂದು ಮರಿಯೂ ಹೊರಬಂದಿರಲಿಲ್ಲ. "ಈ ಸಲಾನೂ ಕೆಟ್ರ ನಿಮ್ಮ ಭಾವ ಶೆಡ್ಡೇ ಕೆಡವ್ತಾರ, ತಮ್ಮಾ. ನಿನ್ನ ಕೈಯಾಗ ಐತಿ" ಎಂದು ಅಕ್ಕ ಹೊರಡುವಾಗ ಫೋನಿನಲ್ಲಿ ಅತ್ತಿದ್ದಳು.

ಗುಡುಗಿಗೆ ಕಪಾಟಿನ ಲೋಟಗಳು ಅದುರಿದವು.

"ರೀ, ಕಿವಿ ಕೇಳಸ್ತದೋ ಇಲ್ಲೋ?"

ಸದಾನಂದ ಗಡಬಡಿಸಿ ಬಂದ್ ಮಾಡುವ ಆಜ್ಞೆ ಟೈಪು ಮಾಡಿ ಎಂಟರ್ ಒತ್ತಿದ.

"ಬಂದ್ ಆತೇನ್ರಿ?"

"ಆತು ಮಾರಾಯ್ತಿ, ಪ್ಲಗ್ಗೂ ಕೀಳ್ತೀನಿ."

ಅವನು ಮೇಜಿನ ಕೆಳಗೆ ಬಗ್ಗಿದ. ಅಲ್ಲಿ ಅವನ ಕಂಪ್ಯೂಟರಿನ ಫ್ಯಾನು ಗಿರ್ರೆಂದು ತಿರುಗುತ್ತಲೇ ಇತ್ತು.